ಲಿಬರೇಟರ್ ವಿಮಾನದ ಎರಡನೆಯ ಜನ್ಮ

ಹಕ್ಕಿಗೆ ದ್ವಿಜವೆಂಬ ಹೆಸರುಂಟು. ಮೊದಲು ಮೊಟ್ಟೆಯಾಗಿಯೂ ಅನಂತರ ಮೊಟ್ಟೆಯೊಡೆದು ಮರಿಯಾಗಿಯೂ ಎರಡು ಸಲ ಹುಟ್ಟುವುದರಿಂದ ಪ್ರಾಚೀನರು ಅದನ್ನು ಹಾಗೆ ಕರೆದರು. ಮನುಷ್ಯನು ಲೋಹದಿಂದ ರಚಿಸಿದ ಹಕ್ಕಿಗೆ ಇಂತಹ ಎರಡನೆಯ ಜನ್ಮವು ಲಭಿಸುವುದು ಅಪೂರ್ವ. ಒಮ್ಮೆ ಮುರಿದು ಮೂಲೆಗೆ ಬಿದ್ದ ವಿಮಾನವು ತಗಡಿನ ಬೆಲೆಗೆ ಮಾರಾಟವಾಗಿ ಕುಲುಮೆಯನ್ನು ಸೇರುವುದೇ ರೂಢಿ. ಆದರೆ ಅಮೆರಿಕದಲ್ಲಿ ಹುಟ್ಟಿ, ಬರ್ಮಾದ ಯುದ್ಧದಲ್ಲಿ ದುಡಿದು, ಕಾನ್ಪುರದ ಬಯಲಿನಲ್ಲಿ ಬೇಕೆಂದೇ ಹಾಳುಗೆಡವಲ್ಪಟ್ಟ ಲಿಬರೇಟರ್ ಎಂಬ ಬಾಂಬು ವಿಮಾನಗಳು ಬೆಂಗಳೂರು ದಂಡಿಗೆ ಮೂಡಲಲ್ಲಿರುವ ವಿಮಾನದ ಕಾರ್ಖಾನೆಯಲ್ಲಿ ಜೀವ ತಳೆದು, ಮತ್ತೆ ಇಪ್ಪತ್ತು ವರ್ಷಗಳ ಕಾಲ ಆಕಾಶದಲ್ಲಿ ಸಂಚರಿಸಿದವು. ಬೆಂಗಳೂರು ವಿಮಾನವಿದ್ಯೆಯನ್ನು ಕಲಿತ ಬಗೆಯು ಹೇಗೆಂಬುದನ್ನು ಈ ವೃತ್ತಾಂತವು ಬೇರಾವುದಕ್ಕಿಂತಲೂ ಸ್ಪಷ್ಟವಾಗಿ ತಿಳಿಸುತ್ತದೆ.

ಮೊದಲು ಈ ವಿಮಾನದ ಹುಟ್ಟನ್ನು ನೋಡಬೇಕು. ಎರಡನೆಯ ಮಹಾಯುದ್ಧದ ಕಾರ್ಮೋಡಗಳು ಕವಿಯುತ್ತಿದ್ದಾಗ ಅಮೆರಿಕದ ಸೈನ್ಯಾಧಿಕಾರಿಗಳು ಬಹು ದೂರ ಹಾರಬಲ್ಲ, ಹೆಚ್ಚು ಭಾರವನ್ನು ಹೊರಬಲ್ಲ ಬಾಂಬು ವಿಮಾನಗಳನ್ನು ಅರಸುತ್ತಿದ್ದರು. ಕ್ಯಾಲಿಫೋರ್ನಿಯ ಪ್ರಾಂತದ ಸ್ಯಾನ್ ಡೀಯೆಗೋ ಪಟ್ಟಣದಲ್ಲಿದ್ದ ಕನ್ಸಾಲಿಡೇಟೆಡ್ ಎಂಬ ಕಂಪೆನಿಯು ಇನ್ನೊಬ್ಬರ ವಿಮಾನವನ್ನು ನಕಲು ಮಾಡಿಕೊಡುವುದಕ್ಕೆ ಬದಲಾಗಿ ತಾನೇ ಹೊಸದೊಂದನ್ನು ರಚಿಸುವುದಾಗಿ ಒಪ್ಪಿಕೊಂಡಿತು. 1939ನೆಯ ಮಾರ್ಚಿಯಲ್ಲಿ ಕರಾರಾಯಿತು; ಅದೇ ವರ್ಷದ ಡಿಸೆಂಬರ್ 29ರಂದು ಮೊದಲನೆಯ ವಿಮಾನವು ನೆಲವನ್ನು ಬಿಟ್ಟು ಮೇಲೆದ್ದಿತು. ನಕ್ಷೆಯಿಂದ ಹಾರಾಟಕ್ಕೆ ಹಿಡಿದುದು ಒಂದು ವರ್ಷಕ್ಕಿಂತಲೂ ಕಡಮೆ.

ಈ ವಿಮಾನದ ವೈಶಿಷ್ಟ್ಯವೆಲ್ಲ ಅದರ ರೆಕ್ಕೆಯಲ್ಲಿದ್ದಿತು. ಡೇವಿಡ್ ಡೇವಿಸ್ ಎಂಬಾತನು ಕಲ್ಪಿಸಿದ ಆ ರೆಕ್ಕೆಯು ತುದಿಯಿಂದ ತುದಿಗೆ 110 ಅಡಿ ಉದ್ದವಾಗಿ, ಅಗಲದಲ್ಲಿ ಬಹಳ ಕಿರಿದಾಗಿದ್ದಿತು. ಇಂತಹ ನೀಳವಾದ ರೆಕ್ಕೆಯು ಗಾಳಿಯ ತಡೆಯನ್ನು ಕಡಮೆ ಮಾಡುವುದರಿಂದ ಅದೇ ಪೆಟ್ರೋಲಿನಲ್ಲಿ ವಿಮಾನವು ಹೆಚ್ಚು ದೂರ ಸಾಗುತ್ತದೆ. ಹದ್ದು ರೆಕ್ಕೆಯನ್ನು ಬಡಿಯದೆ ಬಹಳ ಹೊತ್ತು ತೇಲುವುದನ್ನು ಕಂಡವರಿಗೆ ಈ ತತ್ತ್ವವನ್ನು ವಿವರಿಸಬೇಕಾಗಿಲ್ಲ. ರೆಕ್ಕೆಯ ಮೇಲೆ ಒಂದೊಂದೂ 1200 ಅಶ್ವಶಕ್ತಿಯುಳ್ಳ ನಾಲ್ಕು ಎಂಜಿನ್ನುಗಳು. ಹಿಂಭಾಗದಲ್ಲಿ ಎರಡು ಅಂಡಾಕಾರದ ಬಾಲದ ಹಲಗೆಗಳು. ಉದ್ದವಾದ ಪೆಟ್ಟಿಗೆಯಂತಹ ಒಡಲು. ಆ ಒಡಲಿನಲ್ಲಿ ಬಾಂಬುಗಳನ್ನು ತೂಗುಹಾಕುವ ಕೋಣೆಯ ನಡುವೆ ಒಂದು ಗೇಣಗಲದ ಹಲಗೆಯ ಮೇಲೆ ನಡೆದು ಮುಂದಿನವರು ಹಿಂದಕ್ಕೂ ಹಿಂದಿನವರು ಮುಂದಕ್ಕೂ ಬರಬೇಕಾಗಿದ್ದಿತು. ನೋಟಕ್ಕೆ ಇದು ಚೆಲುವಾದ ವಿಮಾನವಲ್ಲ. ನಡೆಸುವುದಕ್ಕೂ ತೋಳ್ಬಲ ಬೇಕು. ಆದರೆ ದೂರಕ್ಕೂ ಹೊರೆಗೂ ಅಂದಿನ ದಿನಗಳಲ್ಲಿ ಇದಕ್ಕೆ ಸಮಾನವಾದುವು ಬಹಳ ಇರಲಿಲ್ಲ. ಆಂಗ್ಲರ ವಿಮಾನಸೈನ್ಯವು ಇದಕ್ಕೆ ಲಿಬರೇಟರ್, ಎಂದರೆ ವಿಮೋಚಕ, ಎಂಬ ಹೆಸರನ್ನಿಟ್ಟಿತು. ಅಮೆರಿಕದವರೂ ಆ ಹೆಸರನ್ನೇ ಬಳಸಿದರು.

ಯುದ್ಧವು ಮುಗಿಯುವುದರೊಳಗಾಗಿ 18,000ಕ್ಕೂ ಹೆಚ್ಚು ಲಿಬರೇಟರುಗಳು ತಯಾರಾದವು. ಮೋಟಾರುಗಾಡಿಗಳಿಗೆ ಹೆಸರಾದ ಫೋರ್ಡ್ ಕಂಪೆನಿಯು ವಿಲ್ಲೋ ರನ್ ಎಂಬಲ್ಲಿ ಕಟ್ಟಿದ ಕಾರ್ಖಾನೆಯಿಂದ, ಕೆಲಸವು ಭರದಿಂದ ಸಾಗುತ್ತಿದ್ದಾಗ, ಗಂಟೆಗೊಂದರಂತೆ ವಿಮಾನಗಳು ಹೊರಬರುತ್ತಿದ್ದವು. ಅಟ್ಲಾಂಟಿಕ್ ಸಾಗರದ ಮಧ್ಯದಲ್ಲಿ ಯಾವ ದಡದ ವಿಮಾನಕ್ಕೂ ನಿಲುಕದೆ ಜರ್ಮನರ ಜಲಾಂತರ್ಗಾಮಿಗಳಿಗೆ ಬೇಟೆಯ ನೆಲೆಯಾಗಿದ್ದ ಪ್ರದೇಶವನ್ನು 1943ರಲ್ಲಿ ಕಾವಲಿಗೆ ಒಳಪಡಿಸಿದುದು ಮುಖ್ಯವಾಗಿ ಈ ವಿಮಾನವೇ. ಅದೇ ವರ್ಷದ ಆಗಸ್ಟ್ 1ರಂದು ರುಮೇನಿಯದ ಪ್ಲೋಯೆಷ್ಟಿಯ ಎಣ್ಣೆಯ ಕಾರ್ಖಾನೆಗಳ ಮೇಲೆ ಲಿಬ್ಯದಿಂದ ಹೊರಟ ಲಿಬರೇಟರುಗಳಲ್ಲಿ ಐವತ್ತಕ್ಕೂ ಹೆಚ್ಚು ಹಿಂದಿರುಗಲಿಲ್ಲ. ಮುಂದೆ ಇಟಲಿಯ ದಕ್ಷಿಣಭಾಗವು ಮಿತ್ರರಾಷ್ಟ್ರಗಳ ವಶವಾದ ಮೇಲೆ ಅಲ್ಲಿಯ ಬಯಲುಗಳಿಂದಲೂ ಇವುಗಳ ದೊಡ್ಡ ದಳಗಳು ಯೂರೋಪಿನ ಮೇಲೆ ಹಾರತೊಡಗಿದವು.

ಭಾರತದಲ್ಲಿ ಲಿಬರೇಟರಿನ ಕೆಲಸವು ಬೇರೊಂದು ಬಗೆಯದಾಗಿದ್ದಿತು. ಬಂಗಾಳದ ಸಾಲ್ಬನಿ, ದಿಗ್ರಿ ಮೊದಲಾದ ವಿಮಾನನೆಲೆಗಳಿಂದ ಹೊರಟು, ಬಂಗಾಳಕೊಲ್ಲಿಯನ್ನು ದಾಟಿ, ಜಪಾನೀಯರ ಕೈಯಲ್ಲಿದ್ದ ಬರ್ಮಾ, ಸಯಾಂ ದೇಶಗಳ ರೈಲುದಾರಿಗಳನ್ನೂ ಸೇತುವೆಗಳನ್ನೂ ಬಂದರುಗಳನ್ನೂ ಮುರಿಯುವುದೇ ಅದರ ಕರ್ತವ್ಯ. ಶತ್ರುಗಳ ಗುಂಡಿಗಿಂತ ಮಳೆಗಾಲದ ಮೋಡಗಳೇ ಅನೇಕ ವೇಳೆ ಹೆಚ್ಚಿನ ವೈರಿಗಳಾಗುತ್ತಿದ್ದವು. 1944ನೆಯ ಅಕ್ಟೋಬರಿನಲ್ಲಿ ಆಂಗ್ಲರ 159ನೆಯ ದಳವು ಮಲಯದ ಪೆನಾಂಗ್ ಬಂದರಿನವರೆಗೆ ಹೋಗಿ ಸಮುದ್ರದಲ್ಲಿ ಸಿಡಿಗುಂಡುಗಳನ್ನು ಹುದುಗಿಸಿ ಹಿಂದಿರುಗಿತು. ಹೋಗಿಬರುವ ದಾರಿ 3,000 ಮೈಲಿಗಳಿಗೂ ಮೇಲು.

ಮೈಸೂರು ಸೀಮೆಗೂ ಈ ವಿಮಾನಕ್ಕೂ ಸಂಬಂಧವು ಆಗಲೇ ಉಂಟಾಗಿದ್ದಿತು. ಹಲಸೂರಿನಿಂದ ಮೂಡಲಿಗೆ ಕೃಷ್ಣರಾಜಪುರ, ಹೊಸಕೋಟೆಗಳನ್ನು ಹಾದುಹೋಗುವ ಹಳೆಯ ಮದರಾಸು ರಸ್ತೆಯು ಕೋಲಾರವನ್ನು ಮುಟ್ಟುತ್ತದಷ್ಟೆ. ಆ ಕೋಲಾರದಲ್ಲಿ ಲಿಬರೇಟರ್ ನಡೆಸುವವರಿಗೆ ಶಿಕ್ಷಣ ಕೊಡುವ ಕೇಂದ್ರವೊಂದು ಯುದ್ಧಕಾಲದಲ್ಲಿ ಏರ್ಪಟ್ಟಿತು. ಅಲ್ಲಿಯೇ 1944ನೆಯ ನವೆಂಬರಿನಲ್ಲಿ 358ನೆಯ ದಳವು ಜನಿಸಿತು. ರಾತ್ರಿಯ ಕತ್ತಲಲ್ಲಿ ಶತ್ರುವಿನ ನೆಲದೊಳಗೆ ಗೂಢಚಾರರನ್ನೂ ಸಾಮಗ್ರಿಗಳನ್ನೂ ಕೊಡೆಗಳಲ್ಲಿ ಇಳಿಸುವುದು ಆ ದಳದ ಕೆಲಸವಾಯಿತು. ಮರುವರ್ಷ ಜಪಾನು ಶರಣಾದಾಗ ಇವೇ ವಿಮಾನಗಳು ಸೆರೆಶಿಬಿರಗಳ ಮೇಲೆ ಹಾರಿ, ಹಸಿದಿದ್ದ ಬಂದಿಗಳಿಗೆ ಆಹಾರವನ್ನೂ ಔಷಧಗಳನ್ನೂ ಚೆಲ್ಲಿದವು. ಬಾಂಬು ಹೊರುವುದಕ್ಕೆ ಹುಟ್ಟಿದ ವಿಮಾನವು ಅನ್ನವನ್ನು ಹೊತ್ತುದು ಅದರ ಮೊದಲ ಜನ್ಮದ ಕಡೆಯ ಪುಣ್ಯಕಾರ್ಯವೆನ್ನಬಹುದು.

ಇನ್ನು ಬೆಂಗಳೂರಿನ ಕಾರ್ಖಾನೆಯ ವಿಷಯ. 1939ರಲ್ಲಿ ಮುಂಬಯಿಯ ಉದ್ಯಮಿ ವಾಲ್‌ಚಂದ್ ಹೀರಾಚಂದರು ಪೆಸಿಫಿಕ್ ಸಾಗರವನ್ನು ದಾಟುವ ವಿಮಾನದಲ್ಲಿ ಪ್ರಯಾಣ ಮಾಡುತ್ತಿದ್ದಾಗ ವಿಲಿಯಂ ಪಾಲಿ ಎಂಬ ಅಮೆರಿಕದವನ ಪರಿಚಯವಾಯಿತು. ಪಾಲಿಯು ಚೀನದೇಶದಲ್ಲಿ ವಿಮಾನದ ಕಾರ್ಖಾನೆಯನ್ನು ನಡೆಸಿದ ಅನುಭವಿ. ಭಾರತದಲ್ಲಿಯೂ ಅಂತಹುದನ್ನು ಏಕೆ ಸ್ಥಾಪಿಸಬಾರದೆಂಬ ಆಲೋಚನೆಯು ಆ ಮಾತುಕತೆಯಲ್ಲಿ ಮೊಳೆಯಿತು. ಸ್ಥಳಕ್ಕಾಗಿ ಬೇರೆ ಸಂಸ್ಥಾನಗಳನ್ನು ವಿಚಾರಿಸಿದುದೂ ಉಂಟು. ಆದರೆ ದಿವಾನ್ ಸರ್ ಮಿರ್ಜಾ ಇಸ್ಮಾಯಿಲರ ನೇತೃತ್ವದಲ್ಲಿದ್ದ ಮೈಸೂರು ಸರ್ಕಾರವು ತೋರಿದ ಉತ್ಸಾಹವು ವಾಲ್‌ಚಂದರನ್ನು ಇತ್ತ ಸೆಳೆಯಿತು. ಸರ್ಕಾರವು 700 ಎಕರೆ ನೆಲವನ್ನು ಕೊಟ್ಟುದಲ್ಲದೆ 25 ಲಕ್ಷ ರೂಪಾಯಿಗಳನ್ನೂ ಬಂಡವಾಳವಾಗಿ ಹೂಡಿತು. 1940ನೆಯ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪೆನಿಯು ನೋಂದಣಿಯಾಯಿತು.

ಬೆಂಗಳೂರು ಈ ಕೆಲಸಕ್ಕೆ ತಕ್ಕ ಸ್ಥಳವಾದುದು ಆಕಸ್ಮಿಕವಲ್ಲ. ಶಿವನಸಮುದ್ರದ ವಿದ್ಯುಚ್ಛಕ್ತಿಯು 1905ರಲ್ಲಿಯೇ ಇಲ್ಲಿಗೆ ಬಂದಿದ್ದಿತು. ಟಾಟಾ ವಿಜ್ಞಾನಮಂದಿರವು ಆಗಲೇ ಮೂರು ದಶಕಗಳನ್ನು ಕಳೆದಿದ್ದಿತು. ಸಮುದ್ರತೀರದಿಂದಲೂ ಯುದ್ಧದ ಗಡಿಗಳಿಂದಲೂ ದೂರವಾದ, ಯಂತ್ರಗಳಿಗೂ ಮನುಷ್ಯರಿಗೂ ಹಿತವಾದ ಸಮಶೀತೋಷ್ಣದ ಮೇಲುನಾಡು ಇದು. ಕಾರ್ಖಾನೆಯ ಭೂಮಿಯು ಆಂಗ್ಲರ ಆಡಳಿತಕ್ಕೆ ಒಳಪಟ್ಟಿದ್ದ ದಂಡಿನ ಎಲ್ಲೆಯ ಆಚೆಗೆ, ಹಲಸೂರು ದೊಮ್ಮಲೂರುಗಳಿಗೂ ಮಾರತಹಳ್ಳಿಗೂ ನಡುವೆ, ಮೈಸೂರಿನ ನೆಲದಲ್ಲಿಯೇ ಇದ್ದಿತು. ರಾಗಿಯ ಹೊಲಗಳ ನಡುವೆ ಎದ್ದುನಿಂತ ಆ ನೆಲೆಗೆ ವಿಮಾನಪುರವೆಂಬ ಹೆಸರು ಬಂದಿತು. ಕೆಲಸಕ್ಕೆ ಬಂದವರು ಪೇಟೆಯಿಂದ ಕೆಲವರು, ದಂಡಿನಿಂದ ಕೆಲವರು, ಸುತ್ತಣ ಹಳ್ಳಿಗಳಿಂದ ಕೆಲವರು. ಕನ್ನಡ, ತಮಿಳು, ತೆಲುಗು, ಉರ್ದು ಭಾಷೆಗಳು ಒಂದೇ ಚಾವಣಿಯ ಕೆಳಗೆ ಕೇಳಿಬರುತ್ತಿದ್ದ ಆ ಸ್ಥಳದಲ್ಲಿ ಎಲ್ಲರಿಗೂ ಸಮಾನವಾಗಿ ಹೊಸದಾಗಿದ್ದುದು ವಿಮಾನದ ಭಾಷೆ.

ಕಂಪೆನಿಯ ಉದ್ದೇಶವು ವಿಮಾನಗಳನ್ನು ತಯಾರಿಸುವುದೇ ಆಗಿದ್ದಿತು. 1941ನೆಯ ಆಗಸ್ಟಿನಲ್ಲಿ ಹಾರ್ಲೋ ಎಂಬ ಶಿಕ್ಷಣವಿಮಾನವೊಂದು ಅಮೆರಿಕದಿಂದ ಬಂದ ಭಾಗಗಳಿಂದ ಜೋಡಣೆಯಾಗಿ ಹಾರಿತು. 1942ನೆಯ ಜುಲೈ ತಿಂಗಳಲ್ಲಿ ಕರ್ಟಿಸ್ ಹಾಕ್ ಎಂಬ ಕಾದಾಳುವಿಮಾನವೂ ಹಾರಿತು. ಆದರೆ ಕಾಲವು ಆ ಉದ್ದೇಶಕ್ಕೆ ಎಡೆಗೊಡಲಿಲ್ಲ. 1942ನೆಯ ಏಪ್ರಿಲ್ ಮೊದಲ ವಾರದಲ್ಲಿ ಜಪಾನೀಯರು ಕೊಲಂಬೊ, ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಬಾಂಬು ಹಾಕಿದರು. ಅದೇ ತಿಂಗಳಲ್ಲಿ ವಾಲ್‌ಚಂದರ ಪಾಲನ್ನು ಕೊಂಡುಕೊಂಡು ಭಾರತ ಸರ್ಕಾರವು ಕಾರ್ಖಾನೆಯ ಆಡಳಿತವನ್ನು ವಹಿಸಿಕೊಂಡಿತು. ಹೊಸ ವಿಮಾನಗಳನ್ನು ಕಟ್ಟುತ್ತ ಕುಳಿತಿರುವುದಕ್ಕಿಂತ ಯುದ್ಧರಂಗದಲ್ಲಿ ಸವೆದು ಬಂದ ವಿಮಾನಗಳನ್ನು ಬೇಗನೆ ಸರಿಪಡಿಸಿ ಕಳುಹಿಸುವುದೇ ಅಗತ್ಯವೆಂದು ನಿಶ್ಚಯವಾಯಿತು. 1943ರಲ್ಲಿ ಅಮೆರಿಕದ ವಿಮಾನಸೈನ್ಯವು ಈ ಸ್ಥಳವನ್ನು ತನ್ನ ದುರಸ್ತಿಯ ಮುಖ್ಯ ಠಾಣ್ಯಗಳಲ್ಲೊಂದನ್ನಾಗಿ ಮಾಡಿಕೊಂಡಿತು.

ತಯಾರಿಕೆಯ ಕನಸು ಹಿಂದೆ ಸರಿದುದನ್ನು ಕಂಡು ಮನಸ್ಸು ನೊಂದವರು ಇದ್ದಿರಬಹುದು. ಆದರೆ ಇದೇ ಕಾಲದಲ್ಲಿ, ಯಾರೂ ಎಣಿಸದ ರೀತಿಯಲ್ಲಿ, ಬೆಂಗಳೂರಿನ ಕೆಲಸಗಾರರ ಕೈಗೆ ವಿಮಾನದ ಒಳಮರ್ಮವು ಹತ್ತಿತು. ಹೊಸ ವಿಮಾನವನ್ನು ಜೋಡಿಸುವವನಿಗೆ ಭಾಗಗಳು ಎಲ್ಲಿ ಕೂರುತ್ತವೆಂಬುದು ಮಾತ್ರ ತಿಳಿಯುತ್ತದೆ. ಹಳೆಯದನ್ನು ಬಿಚ್ಚುವವನಿಗೆ ಅವು ಎಲ್ಲಿ ಸವೆಯುತ್ತವೆ, ಏಕೆ ಬಿರಿಯುತ್ತವೆ, ಎಷ್ಟು ಹೊತ್ತು ತಾಳುತ್ತವೆಂಬುದೂ ತಿಳಿಯುತ್ತದೆ. ಸಾಮಾನು ಸಾಗಿಸುವ ಡಕೋಟ, ಎರಡು ಎಂಜಿನ್ನಿನ ಮಿಚೆಲ್ ಬಾಂಬು ವಿಮಾನ, ನೀರಿನ ಮೇಲೆ ಇಳಿಯುವ ಕ್ಯಾಟಲೀನ ಇವೆಲ್ಲ ಇಲ್ಲಿಗೆ ಬರುತ್ತಿದ್ದವು. ಕ್ಯಾಟಲೀನಗಳು ಇಳಿಯುತ್ತಿದ್ದುದು ಕಾರ್ಖಾನೆಗೆ ದಕ್ಷಿಣದಲ್ಲಿರುವ ಬೆಳ್ಳಂದೂರು ಕೆರೆಯಲ್ಲಿ. ನೀರಾವರಿಗೆಂದು ಹಿಂದಿನವರು ಕಟ್ಟಿಸಿದ ಕೆರೆಯ ಮೇಲೆ ಪೆಸಿಫಿಕ್ಕಿನ ವಿಮಾನಗಳು ನೀರುಕೋಳಿಗಳಂತೆ ತೇಲಿದುದು ಆ ಸೀಮೆಯ ರೈತರಿಗೆ ಎಂತಹ ಸೋಜಿಗವಾಗಿದ್ದಿರಬೇಕು!

ಇಲ್ಲಿ ಒಂದು ಅಂಶವನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ಡಕೋಟ, ಕ್ಯಾಟಲೀನ, ಲಿಬರೇಟರ್ ಎಂಬ ಮೂರು ವಿಮಾನಗಳು ರೂಪದಲ್ಲಿಯೂ ಕೆಲಸದಲ್ಲಿಯೂ ತೀರ ಭಿನ್ನ. ಆದರೆ ಮೂರರ ಹೃದಯವೂ ಒಂದೇ ಕುಲದ್ದು. ಪ್ರ್ಯಾಟ್ ಅಂಡ್ ವಿಟ್ನಿ ಕಂಪೆನಿಯ ಟ್ವಿನ್ ವಾಸ್ಪ್ ಎಂಬ, ಎರಡು ಸುತ್ತಿನಲ್ಲಿ 14 ಸಿಲಿಂಡರುಗಳನ್ನು ಚಕ್ರದ ಅರೆಕಾಲುಗಳಂತೆ ಜೋಡಿಸಿದ, ಗಾಳಿಯಿಂದಲೇ ತಣಿಯುವ ಎಂಜಿನ್ನು ಈ ಮೂರನ್ನೂ ಹಾರಿಸುತ್ತಿದ್ದಿತು. ಲಿಬರೇಟರಿನ ಎಂಜಿನ್ನಿಗೆ ಎತ್ತರದ ತೆಳುಗಾಳಿಯಲ್ಲಿ ಉಸಿರು ಒದಗಿಸುವ ಯಂತ್ರವೊಂದು ಹೆಚ್ಚಾಗಿದ್ದಿತೇ ಹೊರತು ಮೂಲದಲ್ಲಿ ವ್ಯತ್ಯಾಸವಿರಲಿಲ್ಲ. ಯುದ್ಧದ ವರ್ಷಗಳುದ್ದಕ್ಕೂ ಬೆಂಗಳೂರಿನ ಫಿಟ್ಟರುಗಳು ಬಿಚ್ಚಿ, ತೊಳೆದು, ಅಳೆದು, ಮತ್ತೆ ಕೂಡಿಸಿದುದು ಈ ಎಂಜಿನ್ನಿನ ಕುಲವನ್ನೇ. ಮುಂದೆ ನಡೆದುದಕ್ಕೆ ಕೀಲಿಕೈ ಇದು.

1945ರಲ್ಲಿ ಯುದ್ಧವು ಮುಗಿದು ಕಾರ್ಖಾನೆಯು ಮತ್ತೆ ಭಾರತ ಸರ್ಕಾರದ ಕೈಸೇರಿತು. ಆದರೆ ಕೆಲಸವೇ ಇಲ್ಲದಂತಾಯಿತು. ಡಕೋಟಗಳನ್ನು ಪ್ರಯಾಣಿಕರಿಗೆ ಅನುಕೂಲವಾಗುವಂತೆ ಮಾರ್ಪಡಿಸುವುದು, ಮೂರನೆಯ ದರ್ಜೆಯ ಲೋಹದ ರೈಲುಗಾಡಿಗಳನ್ನು ಕಟ್ಟುವುದು ಮೊದಲಾದ ಉಪಾಯಗಳಿಂದ ಕೆಲಸಗಾರರನ್ನು ಉಳಿಸಿಕೊಳ್ಳಲಾಯಿತು. ವಿಮಾನದ ತಗಡಿಗೆ ರಿವೆಟ್ ಹೊಡೆಯುತ್ತಿದ್ದ ಕೈ ರೈಲಿನ ತಗಡಿಗೆ ರಿವೆಟ್ ಹೊಡೆಯಿತು. ಕೈ ಮಾತ್ರ ತನ್ನ ಹದವನ್ನು ಮರೆಯಲಿಲ್ಲ.

ಅತ್ತ ಲಿಬರೇಟರುಗಳ ಗತಿ ಬೇರೆಯಾಯಿತು. ಆಂಗ್ಲರಿಗೆ ಅಮೆರಿಕವು ಆ ವಿಮಾನಗಳನ್ನು ಕೊಟ್ಟಿದ್ದುದು ಯುದ್ಧಕಾಲದ ಎರವಲು ಏರ್ಪಾಡಿನ ಮೇಲೆ. ಯುದ್ಧಾನಂತರ ಅವನ್ನು ಹಿಂದಕ್ಕೆ ಕೊಡಬೇಕು, ಇಲ್ಲವೆ ಮತ್ತೆ ಬಳಕೆಗೆ ಬಾರದಂತೆ ಮಾಡಬೇಕು. ಸಾವಿರಾರು ಹೊಸ ವಿಮಾನಗಳನ್ನೇ ಕರಗಿಸುತ್ತಿದ್ದ ಅಮೆರಿಕಕ್ಕೆ ಈ ಹಳೆಯವು ಬೇಕಾಗಿರಲಿಲ್ಲ. ಆದ್ದರಿಂದ ಭಾರತದಲ್ಲಿದ್ದ ಲಿಬರೇಟರುಗಳನ್ನು ಕಾನ್ಪುರದ ಚಕೇರಿ ವಿಮಾನನೆಲೆಯಲ್ಲಿ ಒಟ್ಟುಗೂಡಿಸಿ ಕೆಡಿಸಲಾಯಿತು. ಎಂಜಿನ್ನುಗಳೊಳಗೆ ಮರಳನ್ನು ಸುರಿದರು, ಉಪಕರಣಗಳನ್ನು ಒಡೆದರು, ಒಡಲಿನ ತಗಡಿಗೆ ಪೆಟ್ಟುಕೊಟ್ಟು ತೂತುಮಾಡಿದರು. ಬಿಸಿಲು, ಮಳೆ, ಧೂಳುಗಳು ಉಳಿದ ಕೆಲಸವನ್ನು ಮುಂದುವರಿಸಿದವು. ಸುತ್ತಲೂ ಹುಲ್ಲು ಬೆಳೆಯಿತು.

1947ರಲ್ಲಿ ದೇಶವು ಸ್ವತಂತ್ರವಾದಾಗ, ವಿಭಜನೆಯ ಪಾಲುಗಾರಿಕೆಯ ಬಳಿಕ, ಭಾರತದ ವಿಮಾನಸೈನ್ಯಕ್ಕೆ ಉಳಿದುದು ಕೆಲವು ಕಾದಾಳು ವಿಮಾನಗಳ ದಳಗಳು ಮತ್ತು ಡಕೋಟಗಳು ಮಾತ್ರ. ದೊಡ್ಡ ಬಾಂಬು ವಿಮಾನವೊಂದೂ ಇರಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಕಾಶ್ಮೀರದ ಯುದ್ಧವು ಒದಗಿತು. ಪೂಂಚ್ ಪಟ್ಟಣವನ್ನು ಶತ್ರುಗಳು ಮುತ್ತಿ ಫಿರಂಗಿಗಳಿಂದ ಹೊಡೆಯುತ್ತಿದ್ದಾಗ, ಮೆಹರ್ ಸಿಂಗರ ನೇತೃತ್ವದ ವೈಮಾನಿಕರು ಸಾಮಾನು ಸಾಗಿಸುವ ಡಕೋಟಗಳಲ್ಲಿ ಬಾಂಬುಗಳನ್ನು ಇಟ್ಟುಕೊಂಡು ಹೋಗಿ, ತೆರೆದ ಬಾಗಿಲಿನಿಂದ ಕೈಯಿಂದಲೇ ಉರುಳಿಸಿದರು. ಅದು ಶೌರ್ಯವೇ ಸರಿ. ಆದರೆ ಶೌರ್ಯವನ್ನು ಸಾಧನದ ಸ್ಥಾನದಲ್ಲಿ ಎಷ್ಟು ದಿನ ನಿಲ್ಲಿಸಬಹುದು? ಹೊಸ ಬಾಂಬು ವಿಮಾನಗಳನ್ನು ಹೊರದೇಶಗಳಿಂದ ಕೊಳ್ಳಲು ಹಣವೂ ಅವಕಾಶವೂ ವಿರಳವಾಗಿದ್ದ ಕಾಲವದು. ಆಗ ಅಧಿಕಾರಿಗಳ ದೃಷ್ಟಿಯು ಕಾನ್ಪುರದ ಹುಲ್ಲಿನ ಮಧ್ಯೆ ಬಿದ್ದಿದ್ದ ಕಳೇಬರಗಳ ಕಡೆಗೆ ತಿರುಗಿತು.

1948ರಲ್ಲಿ ಬೆಂಗಳೂರಿನ ಕಾರ್ಖಾನೆಯವರು ಅವುಗಳನ್ನು ಪರೀಕ್ಷಿಸಿ, ಕೆಲಸವು ಸಾಧ್ಯವೆಂದು ನಿರ್ಧರಿಸಿದರು. ಅವರ ಮುಂದಿದ್ದ ಮೊದಲನೆಯ ತೊಡಕು ದುರಸ್ತಿಯದಲ್ಲ; ಸಾಗಣೆಯದು. ನೂರಹತ್ತು ಅಡಿಯ ರೆಕ್ಕೆಯ ವಿಮಾನವನ್ನು ರಸ್ತೆಯ ಮೇಲೆ ತರಲಾಗದು. ಬಿಚ್ಚಿ ರೈಲಿಗೆ ಹಾಕುವುದೂ ಸುಲಭವಲ್ಲ. ಅವು ತಮ್ಮ ರೆಕ್ಕೆಯ ಮೇಲೆಯೇ ಬರಬೇಕು. ಆದಕಾರಣ ಕಾನ್ಪುರದಲ್ಲಿಯೇ ಒಂದು ತಂಡವು ನೆಲೆಸಿ, ಒಂದರಿಂದ ಎಂಜಿನ್ನು, ಇನ್ನೊಂದರಿಂದ ಗಾಲಿ, ಮತ್ತೊಂದರಿಂದ ಕೊಳವೆ ಎಂಬಂತೆ ಹೊಂದಿಸಿ, ಒಂದೇ ಒಂದು ಸಲ ಹಾರುವುದಕ್ಕೆ ಅತ್ಯಗತ್ಯವಾದುದನ್ನು ಮಾತ್ರ ಸರಿಪಡಿಸಿತು. ಕಾನ್ಪುರದಿಂದ ಬೆಂಗಳೂರಿಗೆ ನೇರದಾರಿಯಲ್ಲಿಯೇ 900 ಮೈಲಿಗಳಿಗೆ ಮೇಲು. ನಡುವೆ ವಿಂಧ್ಯ, ಗೋದಾವರಿ, ದಖನ್ನಿನ ಬಂಡೆನೆಲ. ಅರೆಜೀವದ ಆ ವಿಮಾನಗಳನ್ನು ಅಷ್ಟು ದೂರ ನಡೆಸುವವರಾರು?

ಆ ಹೊಣೆಯನ್ನು ಹೊತ್ತವರು ಕಾರ್ಖಾನೆಯ ಪರೀಕ್ಷಾ ವೈಮಾನಿಕರಾದ ಜಂಷೆಡ್ ಕೈಕೋಬಾದ್ ಮುನ್ಷಿ ಅವರು. ಮಿತ್ರರು ಅವರನ್ನು ಜಿಮ್ಮಿ ಮುನ್ಷಿ ಎಂದು ಕರೆಯುತ್ತಿದ್ದರು. ಒಂದರ ಹಿಂದೊಂದರಂತೆ ಸುಮಾರು 40 ವಿಮಾನಗಳು ಕಾನ್ಪುರದಿಂದ ಮೇಲೆದ್ದು ವಿಮಾನಪುರದಲ್ಲಿ ಇಳಿದವು. ಇದರಲ್ಲಿ ಧೈರ್ಯ ಎಷ್ಟಿತ್ತೆಂಬುದನ್ನು ಅಳೆಯಬೇಕಾದರೆ ಒಂದು ವಿಷಯವನ್ನು ನೆನೆಯಬೇಕು: ಇವು ಹಳೆಯದಾಗಿ ಕೆಟ್ಟ ವಿಮಾನಗಳಲ್ಲ, ಕೆಡಲೆಂದೇ ಕೆಡಿಸಿದವು. ಮುರಿದವನು ಎಲ್ಲೆಲ್ಲಿ ಕೈಯಿಟ್ಟಿದ್ದನೆಂಬುದಕ್ಕೆ ಯಾವ ಪಟ್ಟಿಯೂ ಇಲ್ಲ. ಎಂಜಿನ್ನಿನ ಯಾವ ಸಂದಿಯಲ್ಲಿ ಮರಳಿನ ಕಣವೊಂದು ಅಡಗಿದೆಯೆಂಬುದು ನೆಲದ ಮೇಲೆ ಗೊತ್ತಾಗದಿದ್ದರೆ ಆಕಾಶದಲ್ಲಿ ಗೊತ್ತಾಗುವುದು. ವೈಮಾನಿಕನ ಪ್ರಾಣವು ಫಿಟ್ಟರಿನ ನಿಷ್ಠೆಯ ಮೇಲೆ ನಿಂತಿದ್ದಿತು.

ವಿಮಾನಪುರದ ಛಾವಣಿಗಳ ಕೆಳಗೆ ನಿಜವಾದ ಚಿಕಿತ್ಸೆಯು ನಡೆಯಿತು. ಎಂಜಿನ್ನುಗಳನ್ನು ಕಳಚಿ ಕಡೆಯ ತಿರುಪಿನವರೆಗೆ ಬಿಚ್ಚಬೇಕು. ಮರಳಿಗೆ ಸಿಕ್ಕಿ ಗೀರುಬಿದ್ದ ಸಿಲಿಂಡರುಗಳನ್ನೂ ಬೇರಿಂಗುಗಳನ್ನೂ ಬದಲಿಸಬೇಕು. ಎಣ್ಣೆಯ ದಾರಿಗಳನ್ನು ಒಂದೊಂದಾಗಿ ತೊಳೆಯಬೇಕು. ಕೂಡಿಸಿದ ಮೇಲೆ ಪರೀಕ್ಷೆಯ ಮಂಚದ ಮೇಲಿರಿಸಿ ಗಂಟೆಗಟ್ಟಲೆ ಓಡಿಸಿ ನೋಡಬೇಕು. ಒಡಲಿನಲ್ಲಿ ಪೆಟ್ಟುಬಿದ್ದ ಎಡೆಯ ತಗಡನ್ನು ಕತ್ತರಿಸಿ ತೆಗೆದು, ಹೊಸ ತಗಡನ್ನು ಅಳತೆಗೆ ಬಾಗಿಸಿ, ಒಳಗೊಬ್ಬ ಹೊರಗೊಬ್ಬ ನಿಂತು ಸಾಲುಸಾಲಾಗಿ ರಿವೆಟ್ ಹೊಡೆಯಬೇಕು. ಮಳೆಬಿಸಿಲಿಗೆ ಹಳಸಿದ ರಬ್ಬರಿನ ಪೆಟ್ರೋಲು ತೊಟ್ಟಿಗಳು, ಕೊಳವೆಗಳು, ಗಾಲಿಗಳು, ತುಕ್ಕುಹಿಡಿದ ತಂತಿಯ ಹಗ್ಗಗಳು, ಒಡೆದ ಗಾಜು, ಹರಿದ ವಿದ್ಯುತ್ ತಂತಿಗಳು—ಇವುಗಳೆಲ್ಲಕ್ಕೂ ಬದಲು ಬೇಕು. ಮೂಲ ತಯಾರಕರಿಂದ ಹೊಸ ಭಾಗಗಳನ್ನು ತರಿಸುವ ದಾರಿಯು ಬಹುಮಟ್ಟಿಗೆ ಮುಚ್ಚಿದ್ದಿತು. ಅಮೆರಿಕದಲ್ಲಿ ಲಿಬರೇಟರಿನ ತಯಾರಿಕೆಯೇ 1945ರಲ್ಲಿ ನಿಂತುಹೋಗಿದ್ದಿತು. ಒಂದು ವಿಮಾನದ ದೇಹದಿಂದ ಇನ್ನೊಂದಕ್ಕೆ ಅಂಗಗಳನ್ನು ಒದಗಿಸುವುದೂ, ಇಲ್ಲದುದನ್ನು ಇಲ್ಲಿಯೇ ಮಾಡಿಕೊಳ್ಳುವುದೂ ಉಳಿದ ಉಪಾಯಗಳು. ಹೊಸ ಕಾರ್ಖಾನೆಯಲ್ಲಿ ಹತ್ತು ವಿಮಾನಗಳು ಒಂದೇ ಅಚ್ಚಿನವು. ಇಲ್ಲಿಯೋ ಹತ್ತಕ್ಕೆ ಹತ್ತು ಬಗೆಯ ರೋಗ.

1948ನೆಯ ನವೆಂಬರಿನಲ್ಲಿ ಮೊದಲ ಆರು ಲಿಬರೇಟರುಗಳು ವಿಮಾನಸೈನ್ಯಕ್ಕೆ ಸೇರಿದವು. ಅವುಗಳಿಗಾಗಿ ಸ್ಥಾಪಿತವಾದ 5ನೆಯ ದಳವು ದಂತವುಳ್ಳ ಆನೆಯನ್ನು ತನ್ನ ಲಾಂಛನವಾಗಿ ಇಟ್ಟುಕೊಂಡಿತು. ದೊಡ್ಡ ಹೊರೆಯನ್ನು ಹೊತ್ತು ದೂರ ನಡೆಯುವ ವಿಮಾನಕ್ಕೆ ಇದಕ್ಕಿಂತ ತಕ್ಕ ಗುರುತಿಲ್ಲ. ಆ ದಳವು ಮೊದಲು ನೆಲೆನಿಂತುದು ಎಲ್ಲಿ? ಕಾನ್ಪುರದಲ್ಲಿ! ಯಾವ ಬಯಲಿನಲ್ಲಿ ಅವುಗಳ ಉಸಿರನ್ನು ನಿಲ್ಲಿಸಿದ್ದರೋ ಅದೇ ಬಯಲಿಗೆ ಅವು ಹೊಸ ಬಣ್ಣವನ್ನೂ ಹೊಸ ಗುರುತನ್ನೂ ಧರಿಸಿ, ನಾಲ್ಕು ಎಂಜಿನ್ನುಗಳ ಗರ್ಜನೆಯೊಡನೆ ಇಳಿದವು.

ಭಾರತದ ವಿಮಾನಸೈನ್ಯದ ಮೊದಲನೆಯ ದೊಡ್ಡ ಬಾಂಬು ದಳವು ಹೀಗೆ ಏರ್ಪಟ್ಟಿತು. ಬಹುದೂರದ ಹಾರಾಟ, ನಕ್ಷತ್ರಗಳ ಸಹಾಯದಿಂದ ದಿಕ್ಕನ್ನು ಕಾಣುವುದು, ಹತ್ತು ಜನರು ಒಂದೇ ವಿಮಾನದಲ್ಲಿ ಒಬ್ಬರನ್ನೊಬ್ಬರು ನೆಚ್ಚಿ ಕೆಲಸ ಮಾಡುವುದು—ಇವನ್ನೆಲ್ಲ ನಮ್ಮ ವೈಮಾನಿಕರು ಈ ವಿಮಾನಗಳಲ್ಲಿಯೇ ಅಭ್ಯಾಸ ಮಾಡಿದರು. 1957ರಲ್ಲಿ ಕ್ಯಾನ್‌ಬೆರಾ ಎಂಬ ಜೆಟ್ ಬಾಂಬು ವಿಮಾನಗಳು ಬಂದಾಗ 5ನೆಯ ದಳವು ಲಿಬರೇಟರನ್ನು ಬಿಟ್ಟಿತು. ಆದರೆ 1951ರಲ್ಲಿ ಪುಣೆಯಲ್ಲಿ ಮತ್ತೆ ಕಟ್ಟಲ್ಪಟ್ಟ 6ನೆಯ ದಳವು ಇವನ್ನು ಸಮುದ್ರದ ಕಾವಲಿಗೆ ಬಳಸಿತು. ಅರಬ್ಬೀ ಸಮುದ್ರದ ಮೇಲೆಯೂ ಬಂಗಾಳಕೊಲ್ಲಿಯ ಮೇಲೆಯೂ ಗಂಟೆಗಟ್ಟಲೆ ಸುತ್ತುತ್ತ, ಹಡಗುಗಳನ್ನು ಗುರುತಿಸುತ್ತ, ಆ ಮುದಿ ಹಕ್ಕಿಗಳು ಇನ್ನೂ ಹಲವು ವರ್ಷ ದುಡಿದವು. ಡೇವಿಸನ ನೀಳವಾದ ರೆಕ್ಕೆಯ ಗುಣವು ಈ ಕಾವಲಿನ ಕೆಲಸದಲ್ಲಿಯೇ ಪೂರ್ಣವಾಗಿ ಸಾರ್ಥಕವಾಯಿತೆನ್ನಬಹುದು. ಬೇರೆ ದೇಶಗಳ ಸೈನ್ಯಗಳು ಈ ವಿಮಾನವನ್ನು ಮರೆತು ಎಷ್ಟೋ ಕಾಲವಾಗಿದ್ದಾಗ, 1968ರ ಕೊನೆಯಲ್ಲಿ ಭಾರತವು ಅವುಗಳಿಗೆ ವಿಶ್ರಾಂತಿ ಕೊಟ್ಟಿತು.

ಆ ವೇಳೆಗೆ ಪ್ರಪಂಚದಲ್ಲಿ ಲಿಬರೇಟರುಗಳು ಬಹುಮಟ್ಟಿಗೆ ನಾಮಾವಶೇಷವಾಗಿದ್ದವು. ಹದಿನೆಂಟು ಸಾವಿರದಲ್ಲಿ ಉಳಿದುದು ಬೆರಳೆಣಿಕೆಯಷ್ಟು; ಅವುಗಳಲ್ಲಿ ಅನೇಕವು ಭಾರತದಲ್ಲಿದ್ದವು. ಇದನ್ನರಿತ ಹೊರದೇಶಗಳ ವಸ್ತುಸಂಗ್ರಹಾಲಯಗಳು ಒಂದೊಂದಾಗಿ ಇತ್ತ ಕಣ್ಣುಹಾಯಿಸಿದವು. ಕೆನಡಕ್ಕೊಂದು, ಅಮೆರಿಕದ ಅರಿಜೋನ ಪ್ರಾಂತದ ಪೀಮಾ ಸಂಗ್ರಹಾಲಯಕ್ಕೊಂದು ಹೋದವು. ಇಂಗ್ಲೆಂಡಿನ ವಿಮಾನಸೈನ್ಯದ ಸಂಗ್ರಹಾಲಯಕ್ಕೆ 1974ರಲ್ಲಿ ಒಂದು ಹೋಯಿತು. ದೆಹಲಿಯ ಪಾಲಂ ಸಂಗ್ರಹಾಲಯದಲ್ಲಿ ಒಂದನ್ನು ಉಳಿಸಿಕೊಳ್ಳಲಾಯಿತು. ಟೆಕ್ಸಸ್ ಪ್ರಾಂತದಲ್ಲಿ 1944ರಲ್ಲಿ ತಯಾರಾಗಿ, ಭಾರತದಲ್ಲಿ 1968ರವರೆಗೆ ದುಡಿದ ಇನ್ನೊಂದು ವಿಮಾನವನ್ನು ಅಮೆರಿಕದ ಕಾಲಿಂಗ್ಸ್ ಪ್ರತಿಷ್ಠಾನವು ಪಡೆದು ಪುನಃ ಸಜ್ಜುಗೊಳಿಸಿ 1989ರಲ್ಲಿ ಹಾರಿಸಿತು. ತಮ್ಮ ತಂದೆತಾತಂದಿರು ಹತ್ತಿದ್ದ ವಿಮಾನವನ್ನು ನೋಡಲು ನೆರೆಯುವ ಅಮೆರಿಕದ ಜನರಲ್ಲಿ, ಅದರ ಪ್ರಾಣವನ್ನು ಉಳಿಸಿಕೊಟ್ಟುದು ಬೆಂಗಳೂರಿನ ಕೆಲಸಗಾರರ ಕೈಯೆಂಬುದನ್ನು ಎಷ್ಟು ಮಂದಿ ಬಲ್ಲರು?

ಬೆಂಗಳೂರಿಗೆ ಇದರಿಂದ ಆದ ಲಾಭವೇನು? ವಿಮಾನಗಳು ವಿಮಾನಸೈನ್ಯಕ್ಕೆ ಹೋದವು. ವಿದ್ಯೆಯು ಇಲ್ಲಿ ಉಳಿಯಿತು. ಗಟ್ಟಿಂಗನ್ ವಿದ್ಯಾಪೀಠದಲ್ಲಿ ಕಲಿತು ಬಂದ ವಿಷ್ಣು ಮಾಧವ ಘಾಟಗೆಯವರು ಇದೇ ಕಾರ್ಖಾನೆಯಲ್ಲಿ ಹೊಸ ಶಿಕ್ಷಣವಿಮಾನವೊಂದರ ನಕ್ಷೆಯನ್ನು ಸಿದ್ಧಪಡಿಸಿದರು. ಎಚ್. ಟಿ.-2 ಎಂಬ ಆ ವಿಮಾನವು 1951ನೆಯ ಆಗಸ್ಟ್ 5ರಂದು ಮೊದಲು ಹಾರಿತು. ನಡೆಸಿದವರು ಅದೇ ಜಂಷೆಡ್ ಮುನ್ಷಿ ಅವರು. ಕಾನ್ಪುರದ ಕಳೇಬರಗಳನ್ನು ಹಾರಿಸಿ ತಂದ ಕೈಯೇ ಭಾರತೀಯರು ಕಲ್ಪಿಸಿ ಕಟ್ಟಿದ ವಿಮಾನವನ್ನು ಮೊದಲು ಮೇಲೆತ್ತಿದುದು ಕೇವಲ ಯೋಗಾಯೋಗವಲ್ಲ. ಬಿಚ್ಚಲು ಕಲಿತವನು ಕಟ್ಟಲು ಅರ್ಹನಾಗುತ್ತಾನೆ. 1964ರಲ್ಲಿ ಈ ಕಂಪೆನಿಯು ಬೇರೊಂದರೊಡನೆ ಕೂಡಿ ಹಿಂದೂಸ್ತಾನ್ ಏರೋನಾಟಿಕ್ಸ್ ಎಂಬ ದೊಡ್ಡ ಸಂಸ್ಥೆಯಾಯಿತು.

ಇಂದು ಆ ರಾಗಿಯ ಹೊಲಗಳಿಲ್ಲ. ಹಲಸೂರಿನಾಚೆಯ ಬಯಲಿನಲ್ಲಿ ಇಂದಿರಾನಗರವು ಬೆಳೆದಿದೆ. ಕಾರ್ಖಾನೆಯ ವಿಮಾನನೆಲೆಯಲ್ಲಿ ಇಳಿಯುತ್ತಿದ್ದ ಪ್ರಯಾಣಿಕರ ವಿಮಾನಗಳು 2008ನೆಯ ಮೇ 24ರಿಂದ ದೇವನಹಳ್ಳಿಗೆ ಹೋಗುತ್ತಿವೆ. ದೊಮ್ಮಲೂರಿನಿಂದ ಮಾರತಹಳ್ಳಿಗೆ ಹೋಗುವ ದಾರಿಗೆ ಹಳೆಯ ವಿಮಾನನಿಲ್ದಾಣದ ರಸ್ತೆಯೆಂಬ ಹೆಸರು ಮಾತ್ರ ಉಳಿದಿದೆ. ಅದನ್ನು ಹಳೆಯ ಮದರಾಸು ರಸ್ತೆಗೆ ಸೇರಿಸುವ ದಾರಿಗೆ, 1970ರಲ್ಲಿ ಇಲ್ಲಿಯೇ ವಿಮಾನವನ್ನು ಪರೀಕ್ಷಿಸುತ್ತ ಮಡಿದ ಸುರಂಜನ್ ದಾಸರ ಹೆಸರನ್ನು ಇಟ್ಟಿದ್ದಾರೆ. ವೈಮಾನಿಕನ ಹೆಸರು ರಸ್ತೆಯ ಮೇಲುಂಟು. ಮರಳನ್ನು ತೊಳೆದ ಫಿಟ್ಟರಿನ ಹೆಸರು ಯಾವ ಫಲಕದ ಮೇಲೆಯೂ ಇಲ್ಲ.

ನಮ್ಮ ನಾಡಿನ ಶಾಸನಗಳ ಕೊನೆಯಲ್ಲಿ ಒಂದು ಅಭಿಪ್ರಾಯವು ಮತ್ತೆ ಮತ್ತೆ ಕಾಣಬರುತ್ತದೆ. ದಾನ ಮಾಡುವುದು ದೊಡ್ಡದೋ ಮಾಡಿದ ದಾನವನ್ನು ಕಾಪಾಡುವುದು ದೊಡ್ಡದೋ ಎಂದರೆ, ಕಾಪಾಡುವುದೇ ದೊಡ್ಡದೆಂದು ಆ ಶಾಸನಗಳು ಸಾರುತ್ತವೆ. ಗುಡಿಯನ್ನು ಕಟ್ಟಿಸಿದವನಿಗಿಂತ ಜೀರ್ಣೋದ್ಧಾರ ಮಾಡಿಸಿದವನ ಪುಣ್ಯವು ಕಿರಿದಲ್ಲವೆಂಬುದು ಹಿರಿಯರ ನಂಬಿಕೆ. ಬಾಂಬು ಹೊರುವ ವಿಮಾನವನ್ನು ಗುಡಿಗೆ ಹೋಲಿಸುವುದು ಸಲ್ಲದು. ಆದರೂ ಅನ್ಯರು ಕಟ್ಟಿ ಅನ್ಯರೇ ಮುರಿದೆಸೆದ ವಸ್ತುವನ್ನು ಎತ್ತಿ, ಅದರ ಗಾಯಗಳನ್ನು ಅರಿತು, ಮತ್ತೆ ಉಪಯೋಗಕ್ಕೆ ತಂದ ಕೆಲಸದಲ್ಲಿ ಆ ಹಳೆಯ ಮಾತಿನ ಸತ್ಯವು ಕಾಣದಿರದು. ಹೊಸದನ್ನು ಕೊಳ್ಳುವುದಕ್ಕೆ ಹಣವಿಲ್ಲದ ಕಾಲದಲ್ಲಿ ದೇಶಕ್ಕೆ ಬಾಂಬು ದಳವೊಂದನ್ನು ಒದಗಿಸಿದುದು ದುರಸ್ತಿಯ ವಿದ್ಯೆ. ಮುಂದೆ ಹೊಸದನ್ನು ಕಟ್ಟುವುದಕ್ಕೆ ಧೈರ್ಯವನ್ನು ಕೊಟ್ಟುದೂ ಅದೇ ವಿದ್ಯೆ.